ಹಿಂದಿನ ತುದಿ ಹಿಡಿದವನು

ಕತೆ ಕೇಳುವವರು ನಡುನಡುವೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವನ ಬಾಯಿ ಒಣಗುತ್ತದೆ. ಆದರೆ ಇವತ್ತು ಬೇಡ. ದಯವಿಟ್ಟು ಯಾರೂ ಹೂಂ ಅನ್ನಬೇಡಿ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ. ಇದು ನಮ್ಮ ಪಕ್ಕದ ಮನೆಯವನಿಗೆ ಆಗಿದ್ದು. ಅವನಿಗೂ ನನಗೂ ನಡುವೆ ಒಂದೇ ಗೋಡೆ.

ಅವನು ಗಡಿಯಾರ ರಿಪೇರಿಯವನು. ಕೈಗಡಿಯಾರವಲ್ಲ, ಗೋಪುರಗಳ ಮೇಲಿರುವ ದೊಡ್ಡ ಗಡಿಯಾರ. ಓಣಿಯವರೆಲ್ಲ ಅವನನ್ನು ಮುಳ್ಳಪ್ಪ ಅಂತ ಕರೆಯುತ್ತಿದ್ದರು. ಮಾತಾಡಿದರೆ ಚುಚ್ಚುತ್ತಿದ್ದ. ಅವನ ಜೊತೆ ದುಡಿಯುತ್ತಿದ್ದವನು ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಮೂವತ್ತೈದರ ಗಂಡಸು, ಹಸುವಿನಂಥ ಸ್ವಭಾವ. ಭಾವ ಏನೇ ಹೇಳಲಿ, ಹೂಂ. ಬೇಡ ಅನ್ನುವ ಮಾತು ಅವನ ನಾಲಿಗೆಗೆ ಬಂದದ್ದನ್ನು ನಾನಂತೂ ಕೇಳಿಲ್ಲ.

ಆ ಸಲ ದೂರದ ಊರೊಂದರ ಗಡಿಯಾರದ ಯಂತ್ರ ರಿಪೇರಿಯಾಗಿ ವಾಪಸು ಹೊರಟಿತ್ತು. ದಾರಿಯಲ್ಲಿ ಮಹಾನಗರದಲ್ಲಿ ರೈಲು ಬದಲಿಸಬೇಕು. ಇಳಿಯುವ ಸ್ಟೇಷನ್ನು ನಗರದ ಈ ತುದಿ, ಹತ್ತುವ ಸ್ಟೇಷನ್ನು ಆ ತುದಿ. ಇಳಿಯುವುದು ರಾತ್ರಿ ಹತ್ತೂವರೆಗೆ, ಮುಂದಿನ ರೈಲು ಒಂದೂಕಾಲಿಗೆ. ಅದು ತಪ್ಪಿದರೆ ಮತ್ತೆ ಎರಡು ದಿನ ರೈಲಿಲ್ಲ.

ಹೊರಡುವ ದಿನ ಭಾಮೈದನ ಮೈ ಸುಡುತ್ತಿತ್ತು. ಉಸಿರಾಡಿದರೆ ಎದೆಯೊಳಗೆ ಗೊರ್… ಗೊರ್… ಅನ್ನುವ ಸದ್ದು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಅವನ ಕೈಲಿ ಭಾರ ಹೊರಿಸ್ಬೇಡಿ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ."

"ಬೇರೆಯವರ ಕೈಗೆ ನನ್ನ ಯಂತ್ರ ಕೊಡ್ಲಾ? ಬೆವರು ಇಳಿದ್ರೆ ಜ್ವರಾನೂ ಇಳಿಯುತ್ತೆ, ಸುಮ್ನಿರು."

"ಹಾಗಾದ್ರೆ ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ಕರ್ಕೊಂಡು ಬರ್ಬೇಕು. ಮಾತು ಕೊಡಿ."

"ಕೊಟ್ಟೆ, ಕೊಟ್ಟೆ. ದಾರಿ ಬಿಡೇ."

ಅವನು ಯಂತ್ರ ಸಾಗಿಸುವ ರೀತಿಯೇ ಬೇರೆ. ಗಾಡಿಗೆ ಹಾಕುತ್ತಿರಲಿಲ್ಲ, ಕುಲುಕಿದರೆ ಹಲ್ಲುಚಕ್ರ ಜರುಗುತ್ತದೆ ಅಂತ. ಕೂಲಿಗಳಿಗೂ ಕೊಡುತ್ತಿರಲಿಲ್ಲ. ಮರದ ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಉದ್ದನೆಯ ಬೊಂಬು ಕಟ್ಟಿ, ಮುಂದೆ ತಾನು, ಹಿಂದೆ ಭಾಮೈದ, ಹೆಣ ಹೊತ್ತ ಹಾಗೆ ಹೊರುವುದು. ಯಂತ್ರದ ಗಂಟೆಯ ಸುತ್ತಿಗೆಯನ್ನು ಬೇಕೆಂದೇ ಕಟ್ಟುತ್ತಿರಲಿಲ್ಲ. ಪೆಟ್ಟಿಗೆ ಸ್ವಲ್ಪ ವಾಲಿದರೂ ಒಳಗಿಂದ ಟಣ್ ಅನ್ನಬೇಕು, ಹಿಂದಿನವನು ತಪ್ಪಿದ್ದು ಮುಂದಿನವನಿಗೆ ಗೊತ್ತಾಗಬೇಕು. ಮುಂದಿನವನು ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಬೊಂಬು ಹೊರಳುತ್ತದೆ. ಐವತ್ತು ಹೆಜ್ಜೆಗೊಮ್ಮೆ ಮುಂದಿನವನು "ಹೂಂ?" ಅನ್ನಬೇಕು. ಹಿಂದಿನವನು "ಹೂಂ" ಅನ್ನಬೇಕು. ಅಷ್ಟೇ ಮಾತು.

ರೈಲು ಬಂದಿದ್ದೇ ಒಂದು ಗಂಟೆ ತಡ. ಹನ್ನೊಂದೂವರೆಗೆ ಹೊರಬಿದ್ದರು. ಬಾಗಿಲು ಹಾಕಿದ ಅಂಗಡಿಗಳ ಬೀದಿ. ಹಿಂದಿನಿಂದ ಭಾಮೈದನ ಸಡಿಲ ಚಪ್ಪಲಿಯ ಸದ್ದು. ಪಟಕ್… ಪಟಕ್… ಪಟಕ್. ನಡುವೆ ಆ ಗೊರ್… ಗೊರ್.

ಒಂದು ಓಣಿಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅದನ್ನು ದಾಟುವಾಗ ಮೊದಲ ಸಲ… ಟಣ್.

"ಭಾವ," ಭಾಮೈದ ಪಿಸುಗುಟ್ಟಿದ, "ಒಂದ್ನಿಮಿಷ ಇಳಿಸೋಣ. ಎದೆ ಹಿಡ್ಕೊಂಡಿದೆ."

"ಇಳಿಸಿದ್ರೆ ಮತ್ತೆ ಎತ್ತೋಕೆ ನಿಮ್ಮಪ್ಪ ಬರ್ತಾನಾ? ನಡಿ."

"…ಹೂಂ."

ಅಪ್ಪ ಸತ್ತು ಹತ್ತು ವರ್ಷವಾಗಿತ್ತು. ಆದರೂ ಹೂಂ ಅಂದ.

ದೊಡ್ಡ ರಸ್ತೆಯಲ್ಲಿ ಹೋದರೆ ಸುತ್ತು. ಹಳಿಗಳ ಮೇಲೆ ಕಬ್ಬಿಣದ ಕಾಲುಸೇತುವೆ ಇತ್ತು, ಹತ್ತಿಳಿದರೆ ಸ್ಟೇಷನ್ನು ಹತ್ತಿರ. ಕಡಿದಾದ ನಲವತ್ತು ಮೆಟ್ಟಿಲು. ಹತ್ತುವಾಗ ಭಾರವೆಲ್ಲ ಹಿಂದಿನವನ ಮೇಲೆ ಬೀಳುತ್ತದೆ. ಪೆಟ್ಟಿಗೆ ವಾಲಬಾರದು ಅಂದರೆ ಅವನು ಬೊಂಬನ್ನು ಹೆಗಲಿಗೇರಿಸಿ ನೂಕಬೇಕು. ಮುಳ್ಳಪ್ಪನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

ಐದನೇ ಮೆಟ್ಟಿಲು. ಟಣ್. ಹತ್ತನೆಯದು. ಟಣ್… ಟಣ್.

"ನೆಟ್ಟಗೆ ಹಿಡಿಯೋ! ಅನ್ನ ತಿಂತೀಯೋ ಮಣ್ಣು ತಿಂತೀಯೋ?"

"ಭಾವ… ಆಗ್ತಿಲ್ಲ…"

"ಆಗುತ್ತೆ. ನಡಿ."

ಇಪ್ಪತ್ತನೇ ಮೆಟ್ಟಿಲಿನ ಹತ್ತಿರ ಹಿಂದೆ ಧೊಪ್ ಅಂತ ಒಂದು ಸದ್ದು. ಒದ್ದೆ ಮೂಟೆ ಬಿದ್ದ ಹಾಗೆ. ಆಮೇಲೆ ಕೆಳಗೆ ಕೆಳಗೆ ಹೋಗುವ ಸಣ್ಣ ಸದ್ದು… ಟಪ್… ಟಪ್… ಟಪ್… ಚಪ್ಪಲಿಯೊಂದು ಮೆಟ್ಟಿಲ ಮೇಲೆ ಉರುಳಿದ ಹಾಗೆ.

ಪೆಟ್ಟಿಗೆ ಬೀಳಲಿಲ್ಲ.

ಬೀಳುವುದಿರಲಿ, ಹಿಂದಿನ ತುದಿ ಮೆಲ್ಲಗೆ ಮೇಲೆದ್ದು ಮಟ್ಟಸವಾಗಿ ನಿಂತಿತು. ಗಂಟೆ ಸುಮ್ಮನಾಯಿತು.

"ಹೂಂ?" ಅಂದ ಮುಳ್ಳಪ್ಪ.

ಕೆಳಗೆ ಖಾಲಿ ಹಳಿಗಳು. ಒಂದು ಕ್ಷಣ… ಎರಡು…

"ಹೂಂ."

ಅಲ್ಲಿಂದ ಮುಂದೆ ಪೆಟ್ಟಿಗೆ ಹೂವಿನ ಬುಟ್ಟಿಯಷ್ಟು ಹಗುರ. ಪಟಕ್ ಪಟಕ್ ಇಲ್ಲ. ಗೊರ್ ಗೊರ್ ಇಲ್ಲ. ಟಣ್ ಇಲ್ಲ. ಮುಳ್ಳಪ್ಪ ಕತ್ತು ನೆಟ್ಟಗೆ ಮಾಡಿಕೊಂಡು ಹೆಜ್ಜೆ ಜೋರು ಮಾಡಿದ. ಐವತ್ತು ಹೆಜ್ಜೆಗೊಮ್ಮೆ ಹೂಂ ಅನ್ನುವುದನ್ನೂ ನಿಲ್ಲಿಸಿಬಿಟ್ಟ. ಆದರೆ ಉತ್ತರ ಮಾತ್ರ ನಿಲ್ಲಲಿಲ್ಲ. ಐವತ್ತಕ್ಕೆ ಸರಿಯಾಗಿ, ಕಿವಿಯ ಪಕ್ಕದಲ್ಲೇ… "ಹೂಂ."

ಪ್ಲಾಟ್‌ಫಾರಂ ತಲುಪಿದಾಗ ಒಂದು ಗಂಟೆ ಐದು ನಿಮಿಷ. "ಇಳಿಸು" ಅಂದ. ಪೆಟ್ಟಿಗೆ ಒಂದಿಷ್ಟೂ ವಾಲದೆ ಇಳಿಯಿತು. ಆಗ ತಿರುಗಿದ.

ಹಿಂದೆ ಯಾರೂ ಇರಲಿಲ್ಲ.

ವಾಪಸು ಹೋಗಲು ಇನ್ನೂ ಹೊತ್ತಿತ್ತು. ಸೇತುವೆ ಕೂಗಳತೆಯಲ್ಲಿತ್ತು. ಮುಳ್ಳಪ್ಪ ಅದನ್ನು ನೋಡಿದ, ರೈಲನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಬೊಂಬಿಗೆ ಕೈ ಹಾಕಿ ಮೆಲ್ಲಗೆ ಅಂದ:

"ಎತ್ತು."

ಹಿಂದಿನ ತುದಿ ಎದ್ದಿತು.

ರೈಲಿನಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತ. ಎರಡೂ ಟಿಕೆಟ್ಟು ಅವನ ಜೇಬಿನಲ್ಲೇ ಇದ್ದವು. ಟಿಕೆಟ್ ನೋಡುವವನು ಬಂದಾಗ ಕಣ್ಣು ಬಿಡದೆಯೇ ಎರಡನ್ನೂ ಚಾಚಿದ. ಕಟಕ್… ಅಂತ ತೂತು ಹಾಕಿದ ಸದ್ದು. ಸ್ವಲ್ಪ ತಡೆದು ಇನ್ನೊಂದು… ಕಟಕ್.

ಬೆಳಗಿನ ಜಾವ ಗುಡಿಸುವವರು ಸೇತುವೆಯ ಮೆಟ್ಟಿಲಲ್ಲಿ ಭಾಮೈದನನ್ನು ಕಂಡರು. ನಾಲ್ಕು ಗಂಟೆಯವರೆಗೂ ಜೀವ ಇದ್ದಿರಬೇಕು, ಯಾರಾದರೂ ಹೊತ್ತು ತಂದಿದ್ದರೆ ಉಳಿಯುತ್ತಿದ್ದ ಅಂದರು ಡಾಕ್ಟರು. ಆ ಸುದ್ದಿ ನಮ್ಮ ಓಣಿಗೆ ಮುಟ್ಟುವ ಮೊದಲೇ ಮುಳ್ಳಪ್ಪ ಗಡಿಯಾರ ಏರಿಸಿ, ಮೂರನೇ ದಿನ ಮನೆಗೆ ಬಂದ.

"ಇಳಿದ ಸ್ಟೇಷನ್ನಲ್ಲೇ ಗುಂಪಲ್ಲಿ ತಪ್ಪಿಸ್ಕೊಂಡ ಕಣೇ. ರೈಲಿಗೆ ಹೊತ್ತಾಗೋವರೆಗೂ ಹುಡುಕಿದೆ. ಆಮೇಲೆ ಕೂಲಿಯವರ ಕೈಲಿ ಹೊರಿಸಿದೆ."

ಹೆಂಡತಿ ಅಳುತ್ತಲೇ ಅವನ ಅಂಗಿ ಒಗೆಯಲು ತೆಗೆದುಕೊಂಡಳು. ಜೇಬಿನಲ್ಲಿ ಟಿಕೆಟ್ಟುಗಳು. ಆಮೇಲಿನ ಮಾತೆಲ್ಲ ನಾನು ಗೋಡೆಯ ಈಚೆಯಿಂದ ಕೇಳಿದ್ದು.

"ಇದು ಒಂದೂಕಾಲಿನ ರೈಲಿಂದು. ಎರಡಕ್ಕೂ ತೂತಿದೆ. ಪಕ್ಕದಲ್ಲಿ ಜನ ಇಲ್ದೆ ಯಾರ್ರೀ ತೂತು ಹಾಕ್ತಾರೆ? ನನ್ನ ತಮ್ಮ ನಿಮ್ಮ ಜೊತೆಗೇ ರೈಲು ಹತ್ತಿದ್ದಾನೆ. ಏನ್ ಮಾಡಿದ್ರಿ ಅವನ್ನ?"

ಆಮೇಲೆ ಮುಳ್ಳಪ್ಪನ ದನಿ… ಅವನದಲ್ಲವೇನೋ ಅನ್ನುವಷ್ಟು ಸಣ್ಣ ದನಿ.

"ಬಿದ್ದ ಸದ್ದು ಕೇಳಿಸ್ತು ಕಣೇ… ಆಗಲೇ ಗೊತ್ತಾಯ್ತು. ತಿರುಗಿದ್ರೆ ರೈಲು ತಪ್ಪುತ್ತಿತ್ತು."

ಅವಳು ಬರಿಗೈಯಲ್ಲಿ ತವರಿಗೆ ಹೋದಳು. ಟಿಕೆಟ್ಟು ಮಾತ್ರ ಒಯ್ದಳು.

ಹೋದ ತಿಂಗಳು ತನ್ನ ಟ್ರಂಕು ಕಳಿಸಿ ಅಂತ ಹೇಳಿ ಕಳಿಸಿದಳು. ಮಹಡಿಯ ಮೇಲಿದ್ದ ಕಬ್ಬಿಣದ ದೊಡ್ಡ ಟ್ರಂಕು, ಇಬ್ಬರಿಗೂ ಭಾರವೇ. ರಾತ್ರಿ ಸದ್ದಾಗಿ ನಾನು ಕಿಟಕಿ ತೆರೆದೆ. ಮುಳ್ಳಪ್ಪ ಮೆಟ್ಟಿಲಿಳಿಯುತ್ತಿದ್ದ. ಮುಂದಿನ ತುದಿ ಬೆನ್ನ ಹಿಂದೆ ಚಾಚಿದ ಅವನ ಎರಡೂ ಕೈಯಲ್ಲಿ. ಇಳಿಯುವಾಗ ಭಾರವೆಲ್ಲ ಮುಂದಿನವನದು. ಪ್ರತಿ ಮೆಟ್ಟಿಲಿಗೂ ಮುಂದಿನ ಮೂಲೆ ಬಡಿಯುತ್ತಿತ್ತು… ಠಂಗ್… ಠಂಗ್…

"ಒಂದ್ನಿಮಿಷ ಇಳಿಸೋಣ ಕಣೋ," ಅಂತ ಪಿಸುಗುಟ್ಟಿದ. "ಕೈ ಹೋಗ್ತಿದೆ… ಆಗ್ತಿಲ್ಲ…"

ಟ್ರಂಕು ನಿಲ್ಲಲಿಲ್ಲ. ಅವನನ್ನು ನೂಕಿಕೊಂಡು ಓಣಿ ದಾಟಿತು. ನಾನು ಕಿಟಕಿ ಹಾಕಿದೆ. ಹಾಕುವಷ್ಟರಲ್ಲಿ ಕೇಳಿಸಿಬಿಟ್ಟಿತು. ಅವನ ದನಿಯಲ್ಲ ಅದು.

"ಹೂಂ?"

ತವರುಮನೆ ನಾಲ್ಕು ಮೈಲಿ ದೂರ. ಬೆಳಗ್ಗೆ ನಾನು ಹೋದಾಗ ಟ್ರಂಕು ಅಲ್ಲಿನ ಹೊಸ್ತಿಲಲ್ಲಿತ್ತು, ಪಕ್ಕದಲ್ಲಿ ಮುಳ್ಳಪ್ಪ ಕೂತಿದ್ದ. ಎರಡೂ ಅಂಗೈಯ ಚರ್ಮ ಕಿತ್ತುಬಂದಿತ್ತು. ಅವಳು ಬಾಗಿಲು ತೆರೆದಿರಲಿಲ್ಲ. ನಾನು ಬಗ್ಗಿ ಟ್ರಂಕಿನ ತಳ ನೋಡಿದೆ. ಮುಂದಿನ ಎರಡು ಮೂಲೆ ಬಣ್ಣ ಕಿತ್ತು ನುಗ್ಗಾಗಿತ್ತು. ಹಿಂದಿನ ಎರಡು ಮೂಲೆಯಲ್ಲಿ ಒಂದು ಗೀರೂ ಇರಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೈಯಿಂದ ಸವರಿ ನೋಡಿದ್ದೇನೆ.