ರಸ್ತೆಯಾಚೆಯ ಶಾಂತವ್ವ, ನನ್ನ ಕುಂಕುಮದ ಭರಣಿ

ಜಗಳ ಅಲ್ಲ ಪುಟ್ಟಿ, ನಾನೂ ಶಾಂತವ್ವನೂ ಕೂಗಿ ಮಾತಾಡ್ತಿದ್ವಿ ಅಷ್ಟೇ. ಯಾಕೆ ಕೂಗ್ಬೇಕು ಅಂದ್ರೆ, ಮಧ್ಯೆ ಈ ದೊಡ್ಡ ರಸ್ತೆ ಇತ್ತಲ್ಲ, ಅದಕ್ಕೆ. ಈಗಲೂ ಇದೆ ಅನ್ನು, ಆದ್ರೆ ಆಗ ದಾಟೋಕೆ ಸಿಗ್ನಲ್ ಇರ್ಲಿಲ್ಲ, ಅದನ್ನ ಮೊದಲೇ ಹೇಳ್ಬೇಕಿತ್ತು ನಾನು. ಅಮೆರಿಕದ ಇದೇ ಸ್ಟರ್ಲಿಂಗ್ ಹೈಟ್ಸ್ ಊರು, ಈ ಕಡೆ ನಮ್ಮನೆ, ಆ ಕಡೆ ಶಾಂತವ್ವನ ಮಗನ ಮನೆ. ಶಾಂತವ್ವ ಅಂದ್ರೆ ಧಾರವಾಡದೋಳು, ಈ ದೇಶದಲ್ಲಿ ನನಗಿದ್ದ ಒಬ್ಬಳೇ ಸ್ನೇಹಿತೆ. ಅವಳು ಆ ಕಡೆಯಿಂದ, "ಏನವಾ, ನಾಷ್ಟಾ ಆತೇನು?" ಅಂತ ಕೂಗೋಳು. ಕಾರ್ ಮಾಡೋ ಪ್ಲಾಂಟಿಗೆ ಹೋಗೋ ಟ್ರಕ್ಕು ಬರ್ರ್ ಅಂತ ಬರೋದು, ಅದರ ಹಿಂದೆ ಇನ್ನೊಂದು. ನನ್ನ ಉಪ್ಪಿಟ್ಟಿನ ಸುದ್ದಿ ಆಚೆಗೆ ಮುಟ್ಟೋಷ್ಟರಲ್ಲಿ ಊಟದ ಹೊತ್ತು! ಒಂದಿನ ಶಾಂತವ್ವ ದಾಟೋಕೆ ಹೋಗಿ, ನಡುರಸ್ತೇಲಿ ಒಂದು ಚಪ್ಪಲಿ ಬಿಟ್ಟು ವಾಪಸ್ ಓಡಿದ್ಲು. ಅವಳ ಮಗ, "ಇನ್ನ ಒಬ್ಬಾಕಿ ಹೊರಗ ಹೋಗಬ್ಯಾಡ" ಅಂದ್ಬಿಟ್ಟ. ಅಲ್ಲಿಗೆ ಕೂಗೋದೂ ನಿಂತ್ಹೋಯ್ತು, ಕಿಟಕೀಲಿ ಕೈ ಮಾತ್ರ ಬೀಸೋಳು.

ಆಗ ನಮ್ಮ ಡಾಕ್ಟರ್ ಅಂಕಲ್, ಕೈ ಎತ್ತಿ ಕೊಡೋ ಮನುಷ್ಯ ಗೊತ್ತಲ್ಲ, "ಸಿಟಿಯೋರನ್ನ ಸಿಗ್ನಲ್ ಕೇಳೋಣ, ಖರ್ಚೆಲ್ಲ ನಂದು" ಅಂದ್ರು. ಜನ ಸೇರಿಸೋಕೆ ಹಾಲ್ ಬಾಡಿಗೆ ಹಿಡಿದ್ರು, ಬಣ್ಣದ ಫ್ಲೈಯರ್ ಹಂಚಿದ್ರು, ಷಿಕಾಗೋದಲ್ಲಿ ನಮ್ಮ ದೇಶದೋರ ಅಂಗಡಿಬೀದಿ ಡೆವನ್ ಅವೆನ್ಯೂ ಇಂದ ಜಿಲೇಬಿ ತರಿಸಿದ್ರು. ಬಂದಿದ್ದು ಯಾರು? ನಾನು, ಅವರು, ಜಿಲೇಬಿ.

"ಜನಕ್ಕೆ ಕಾಳಜಿನೇ ಇಲ್ಲ ಆಂಟಿ."

"ನೀವು ಕರೆದ್ರೆ ತಾನೆ?"

"ಮನೆಮನೆಗೂ ಫ್ಲೈಯರ್ ಸಿಕ್ಕಿಸಿದ್ನಲ್ಲ!"

"ಮಗಳ ಮದುವೆಗೂ ಹಂಗೇ ಸಿಕ್ಕಿಸಿ ಬಂದ್ರಾ?"

ಮಾರನೇ ದಿನ ನಾನು ಕುಂಕುಮದ ಭರಣಿ ಹಿಡ್ಕೊಂಡು ಹೊರಟೆ. ಕುಂಕುಮ ಇಟ್ಟು ಕರೆಯೋದು ಅಂದ್ರೆ, ಒಳಗೆ ಹೋಗಿ, ಕೂತು, ಕಷ್ಟಸುಖ ಕೇಳಿ ಕರೆಯೋದು. ಮೂಲೆಮನೆ ಲಿಂಡಾಗೂ ಇಟ್ಟೆ. "ಇದ್ಯಾಕೆ?" ಅಂದ್ಲು. "ಇಟ್ಮೇಲೆ ಬರ್ಲೇಬೇಕು" ಅಂದೆ. ಮಂಡಿನೋವಿಗೆ ಅವಳೂ ಆ ರಸ್ತೆ ದಾಟಿ ವರ್ಷಗಳಾಗಿತ್ತಂತೆ, ಯಾರೂ ಕೇಳಿರ್ಲಿಲ್ವಂತೆ, ಪಾಪ. ಭರಣಿ ಇಸ್ಕೊಂಡು ಅವಳ ಚರ್ಚಿನೋರಿಗೆಲ್ಲ ತಾನೇ ಇಟ್ಲು!

ಡಾಕ್ಟರ್ ಅಂಕಲ್ ಈ ಸಲ ಜಿಲೇಬಿ ಬಿಟ್ಟು ಬಸ್ ಮಾಡಿಸಿದ್ರು, ಯಾಕಂದ್ರೆ ನಾವ್ಯಾರೂ ಡ್ರೈವ್ ಮಾಡಲ್ಲ. ಸಿಟಿ ಮೀಟಿಂಗಲ್ಲಿ ಮೇಯರ್ "ಸಿಗ್ನಲ್‌ಗೆ ಬಂದೋರು ಏಳಿ" ಅಂದ್ರು. ಹಾಲಿಗೆ ಹಾಲೇ ಎದ್ದು ನಿಂತ್ಕೊಳ್ತು, ಎಲ್ಲರ ಹಣೇಲೂ ಕೆಂಪು ಬೊಟ್ಟು.

"ಇವತ್ತೇನು ಹಬ್ಬಾನಾ?" ಅಂದ್ರು ಮೇಯರ್.

ಮೊಮ್ಮಗಳ ಜೊತೆ ಬಸ್ಸಲ್ಲಿ ಬಂದಿದ್ದ ಶಾಂತವ್ವ ಮೈಕ್ ಕಿತ್ಕೊಂಡು, "ಸಿಗ್ನಲ್ ಕೊಡ್ರಿ, ಅವತ್ತ ಹಬ್ಬ!" ಅಂದ್ಲು. ಅವಳ ಮೊಮ್ಮಗಳು ಇಂಗ್ಲಿಷಲ್ಲಿ ಹೇಳೋ ಮೊದಲೇ ಚಪ್ಪಾಳೆ.

ಒಂದೇ ಸಲಕ್ಕೇನೂ ಆಗ್ಲಿಲ್ಲ, ಮತ್ತೆ ಮತ್ತೆ ಕುಂಕುಮ ಇಟ್ಟೆ, ಮತ್ತೆ ಮತ್ತೆ ಬಸ್ ತುಂಬ್ತು, ಆಮೇಲೆ ಸಿಗ್ನಲ್ ಬಂತು. ಈಗ ಶಾಂತವ್ವ ದಿನಾ ಬಂದು ನನ್ನ ಕಾಫಿಪುಡಿ ಉಳಿಯಲ್ಲ, ಅದು ಬೇರೆ ಮಾತು. ಅಗೋ ನೋಡು, ಬಟನ್ ಒತ್ತಿ ಟ್ರಕ್ಕುಗಳನ್ನೆಲ್ಲ ನಿಲ್ಲಿಸ್ಕೊಂಡು ಬರ್ತಿದಾಳೆ, ಮಹಾರಾಣಿ! ದುಡ್ಡಿದ್ರೆ ಬಸ್ ಬರತ್ತೆ ಮಗು, ಬಸ್ ತುಂಬಬೇಕು ಅಂದ್ರೆ ಬಾಗಿಲು ತಟ್ಟಬೇಕು. ಏಳು, ತಟ್ತಿದಾಳೆ, ತೆಗಿ.