ತುಕ್ಕಾನಟ್ಟಿಗೆ ಹೋದ ಗಾದಿ

ನಾನು ಜೈತುನಬಿ ಕೋಂ ರಾಜೇಸಾಬ ನದಾಫ, ವಯಸ್ಸು 41 ವರ್ಷ, ಉದ್ಯೋಗ ಗಾದಿ ಹೊಲಿಯುವುದು, ಸಾ: ಕೊಣ್ಣೂರ, ತಾ: ಗೋಕಾಕ. ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮೈದುನ ದಸ್ತಗೀರನ ಹೆಂಡತಿ ನಸೀಮಾಗೆ ಅರಭಾವಿಯ ಒಂದು ನರ್ಸರಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಕಳೆದ ಶುಕ್ರವಾರ ಸಾಯಂಕಾಲ 6 ಗಂಟೆಗೆ ನಮ್ಮ ಅತ್ತೆ, ಬುರ್ಖಾ ಹಾಕಿಕೊಂಡರೆ ಮಾತ್ರ ಹೋಗಬೇಕೆಂದರು. ನಸೀಮಾ, ತಲೆಯ ಮೇಲೆ ಸೆರಗು ಸಾಕು, ಬುರ್ಖಾ ಬೇಕಾದವರು ಹಾಕಲಿ, ತಾನು ಹಾಕುವುದಿಲ್ಲ ಎಂದಳು. ದಸ್ತಗೀರ ಎದ್ದು ಹೋಗಿ ಅವಳ ಬಾಜೂಕ್ಕೆ ನಿಂತ. ಅತ್ತೆ ಮುಂದೆ ಒತ್ತಾಯಿಸದೆ ಚಹಾ ಕುಡಿದರು.

ಇದೇ ಮಾತನ್ನು 22 ವರ್ಷಗಳ ಹಿಂದೆ ಅದೇ ಪಡಸಾಲೆಯಲ್ಲಿ ನಾನೂ ಆಡಿದ್ದೆ. ಆಗ ನನ್ನ ಗಂಡ ಎದ್ದು ಹೊರಗೆ ಹೋದರು. ಎಂಟು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಹಾಕಿಕೊಂಡೆ. ನನಗೆ ಸಿಗದಿದ್ದದ್ದು ನಸೀಮಾಗೆ ಒಂದು ಕಪ್ ಚಹಾ ಮುಗಿಯುವುದರಲ್ಲಿ ಸಿಕ್ಕಿತು. ನನಗೆ ಹೊಟ್ಟೆ ಉರಿಯಿತು. ಇದನ್ನು ಹೀಗೆಯೇ ಬರೆದುಕೊಳ್ಳಿ ಎಂದು ಸಾಹೇಬರಿಗೆ ಹೇಳಿದ್ದೇನೆ.

ಶನಿವಾರ ಮಧ್ಯಾಹ್ನ 2:30ಕ್ಕೆ ಅವಳ ಟ್ರಂಕಿನಿಂದ ಪಿಯುಸಿ ಅಸಲು ಅಂಕಪಟ್ಟಿ ತೆಗೆದು, ಕೈಯಲ್ಲಿದ್ದ ಗಾದಿಯ ಹತ್ತಿಯೊಳಗೆ ಇಟ್ಟು ಬಾಯಿ ಹೊಲಿದೆ. ಅವಳು ಅದನ್ನು ತೋರಿಸಿ ಕೆಲಸಕ್ಕೆ ಹಾಜರಾಗಬೇಕಾದ ಸೋಮವಾರ ದಾಟಿದ ಮೇಲೆ ಬಿಚ್ಚಿ ಕೊಡುವ ವಿಚಾರವಿತ್ತು. ಆದರೆ ಭಾನುವಾರ ನಾನು ನೀರಿಗೆ ಹೋದಾಗ ನನ್ನ ಗಂಡ ಆ ಗಾದಿಯನ್ನು, ಅದನ್ನು ಹೊಲಿಯಲು ಹೇಳಿದ್ದ ತುಕ್ಕಾನಟ್ಟಿಯ ಶೆಟ್ಟೆವ್ವ ಎಂಬುವವರಿಗೆ ಕೊಟ್ಟು ಕಳಿಸಿದ್ದರು.

ಈ ದಿನ ಸೋಮವಾರ ಬೆಳಿಗ್ಗೆ 7ಕ್ಕೆ ಅಂಕಪಟ್ಟಿ ಕಾಣದೆ ನಸೀಮಾ ಅತ್ತೆಯ ಮೇಲೆ ದೂರು ಕೊಡಲು ಗೋಕಾಕ ಠಾಣೆಗೆ ಹೊರಟಳು. ನನ್ನನ್ನೂ ಕೇಳಬೇಕೆಂದು ದಸ್ತಗೀರ ಅಂದಾಗ ಅವಳು, "ಅಕ್ಕಾನ ಹೆಸರ ತಗೀಬ್ಯಾಡ್ರಿ. ಈ ಮನ್ಯಾಗ ನನ್ನ ಸಂಕಟ ಗೊತ್ತಿರಾಕಿ ಅಕಿ ಒಬ್ಬಾಕಿನ" ಅಂದಳು. ನಾನು ಆರು ಅಡಿ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ 7:20ಕ್ಕೆ ತುಕ್ಕಾನಟ್ಟಿ ಕಡೆಯ ಟಂಟಂ ಗಾಡಿ ಹತ್ತಿದೆ. ಬುರ್ಖಾ ಗೂಟದಲ್ಲೇ ಉಳಿದಿದ್ದು ಆಗ ನೆನಪಾಯಿತು. ಗಾಡಿಯಲ್ಲಿ ಒಂಬತ್ತು ಜನ ಇದ್ದರು, ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಇದಕ್ಕೇ ಹೆದರಿದೆನೇ ಎಂದು ಸಿಟ್ಟು ಬಂತು. 8:50ಕ್ಕೆ ಶೆಟ್ಟೆವ್ವನವರ ಮನೆ ಮುಟ್ಟಿದೆ. ಹೊಸಾ ಗಾದಿ ಹರಿಯುತ್ತೀ, ಹುಚ್ಚಿಯೇನು ಎಂದು ಅವರು ಬೈದರು. ತಿರುಗಿ ಹೊಲಿದುಕೊಡುವುದಾಗಿ ಹೇಳಿ ಬಿಚ್ಚಿದೆ.

11:10ಕ್ಕೆ ಈ ಠಾಣೆಯಲ್ಲಿ ಅಂಕಪಟ್ಟಿಯನ್ನು ನಸೀಮಾಳ ಕೈಗೆ ಕೊಟ್ಟು, ಕದ್ದವಳು ನಾನೇ, ಅತ್ತೆಯಲ್ಲ ಎಂದೆ. ಅವಳು ಅದನ್ನು ಚೀಲದಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ಗಂಡನ ಬೈಕಿನ ಹಿಂದೆ ಕೂತು ಅರಭಾವಿಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಹೊಟ್ಟೆಯುರಿ ಪೂರ್ತಿ ಆರಿಲ್ಲ, ಅದೂ ಖರೆ.

ನನ್ನ ಗಂಡ ಬುರ್ಖಾ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಾರೆಂದು ಮಹಿಳಾ ಪೇದೆ ಈಗಷ್ಟೇ ತಿಳಿಸಿದರು. ಅದನ್ನು ಮನೆಗೆ ವಾಪಸು ಒಯ್ಯಬೇಕೆಂದು ಹೇಳಿ ಕಳಿಸಿದ್ದೇನೆ.

ಬರೆದಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಗೋಕಾಕ
ದಿನಾಂಕ: 16-06-2025
ಸಹಿ: ಜೈತುನಬಿ ರಾ. ನದಾಫ