ತೊಂಬತ್ತೈದು ಅಂದರೆ ಎಂಬತ್ತು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ಗಣಿತದ ಮೇಡಂ ಕಿವಿಗೆ ತಮ್ಮ ಶಾಲೆಯ ಮಾತು ಬಿತ್ತು. ಮುಂದಿದ್ದವರು ಕಾಲೇಜಿನ ಪ್ರವೇಶ ವಿಭಾಗದ ಗುಮಾಸ್ತರಿಬ್ಬರು; ಒಬ್ಬರು ಹಳಬರು, ಇನ್ನೊಬ್ಬರು ಹೊಸಬರು.

“ಆ ಗಡಿಯಾರ ಗೋಪುರದ ಹೈಸ್ಕೂಲಿಂದ ತೊಂಬತ್ತೈದು ಬಂದ್ರೆ, ನಾವು ಎಂಬತ್ತು ಅಂತಲೇ ಹಿಡಿಯೋದು.”

“ಅಯ್ಯೋ, ಯಾಕೆ?”

“ಅಲ್ಲಿ ಗಣಿತದಲ್ಲಿ ಎಲ್ರಿಗೂ ತೊಂಬತ್ತೈದೇ. ಆ ಮೇಡಂದು ಧಾರಾಳ ಕೈಯಂತೆ. ಮಕ್ಕಳ ಮುಖ ಬಾಡಿದ್ರೆ ನೋಡಕ್ಕಾಗಲ್ವಂತೆ.”

“ಮತ್ತೆ ನಿಜವಾಗ್ಲೂ ಓದಿ ತೆಗೆದಿರೋ ಮಗು?”

“ನಮಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೂ ಅದೇ ಗತಿ. ಇವತ್ತು ದರ್ಜಿ ಮಗಳೊಬ್ಬಳ ಅರ್ಜಿ ಪಕ್ಕಕ್ಕಿಟ್ಟೆ, ಪಾಪ.”

ಇಡೀ ತರಗತಿಯಲ್ಲಿ ಮೇಡಂ ಒಂದಂಕವನ್ನೂ ಸೇರಿಸದೆ ತೊಂಬತ್ತೈದು ಕೊಟ್ಟದ್ದು ಆ ದರ್ಜಿಯ ಮಗಳೊಬ್ಬಳಿಗೇ.

ಬಸ್ಸು ಬಂತು. ಗುಮಾಸ್ತರು ಹತ್ತಿ ಹೋದರು. ಅದೇ ಬಸ್ಸಿಗೆ ಹೋಗಬೇಕಿದ್ದ ಮೇಡಂ ಹತ್ತಲಿಲ್ಲ.